ಗಡಿಯಾರದ ಪೆಟ್ಟಿಗೆ, ಲೋಲಕದ ಪೆಟ್ಟಿಗೆ

ಗುದೈಬಿಯಾ, ಬಹ್ರೈನ್
10 ಅಕ್ಟೋಬರ್ 1996, ಗುರುವಾರ

ಪಡುಬಿದ್ರಿ ಹೆದ್ದಾರಿ ಬದಿಯ ಗ್ಯಾರೇಜಿನ ಸರ್ವಾಧಿಕಾರಿಗಳೂ, ಸಮಸ್ತ ಬ್ರೇಕ್‌ಶೂಗಳ ಪೋಷಕರೂ, ನನ್ನ ತಾಯಿಯ ಒಬ್ಬನೇ ತಮ್ಮನೂ ಆದ ಶ್ರೀ ವಸಂತಕುಮಾರ ಮಾವನವರ ಗ್ರೀಸು ಮೆತ್ತಿದ ಪಾದಗಳಿಗೆ ಅಳಿಯ ಕೀರ್ತನನ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ನಮ್ಮ ರೂಮಿನ ನಾಲ್ವರಲ್ಲಿ ಮೂವರು ಅಡುಗೆ ಮಾಡಬಲ್ಲವರು, ಒಬ್ಬ ಮಾತ್ರ ಅಡುಗೆಯ ಬಗ್ಗೆ ಅಭಿಪ್ರಾಯ ಕೊಡಬಲ್ಲವನು. ಆ ಗುರುತರ ಹೊಣೆಯನ್ನು ನಾನು ದಿನಕ್ಕೆ ಎರಡು ಹೊತ್ತು ಹೊರುತ್ತಿದ್ದೇನೆ.

ಈಗ ರಾಜಕಾರ್ಯಕ್ಕೆ ಬರುತ್ತೇನೆ. ಮೀನಾ ಸಲ್ಮಾನಿನ ನಮ್ಮ ಬಿಡಿಭಾಗದ ಅಂಗಡಿಗೆ ಅಬು ಯೂಸುಫ್ ಎಂಬ ದೊಡ್ಡ ಗಿರಾಕಿ ಇದ್ದಾರೆ. ಬುದಯ್ಯದಲ್ಲಿ ಅವರಿಗೆ ಕುದುರೆ ಲಾಯ ಉಂಟು. ಅಮೆರಿಕದಿಂದ ಕುದುರೆ ಸಾಗಿಸುವ ಒಂದು ಟ್ರೇಲರ್ ತರಿಸಿದ್ದಾರೆ. ಪಿಕಪ್ಪಿನ ಹಿಂದೆ ಕೊಂಡಿ ಹಾಕಿ ಎಳೆಯುವುದು. ವಿಶೇಷ ಏನೆಂದರೆ ಮಾವ, ಟ್ರೇಲರಿನ ಚಕ್ರಗಳಿಗೆ ಬೇರೆಯೇ ಬ್ರೇಕು, ಅದೂ ಕರೆಂಟಿನದು! ಪಿಕಪ್ಪಿನ ಡ್ರೈವರ್ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳಿಗೆ ಎಷ್ಟು ಕರೆಂಟು ಹೋಗಬೇಕು ಎಂದು ತೀರ್ಮಾನಿಸಲು ಅವನ ಮೊಣಕಾಲಿನ ಹತ್ತಿರ ಒಂದು ಪೆಟ್ಟಿಗೆ ಕೂರಿಸಬೇಕು. ಬ್ರೇಕ್ ಕಂಟ್ರೋಲರ್ ಎಂದು ಅದರ ಹೆಸರು. ಅದನ್ನು ಆರಿಸುವ ಕೆಲಸವನ್ನು ನಮ್ಮ ಮ್ಯಾನೇಜರ್ ಹರ್ಬರ್ಟ್ ಸರ್ ಈ ಬಡವನ ಹೆಗಲಿಗೆ ಹಾಕಿದ್ದಾರೆ, ಏಕೆಂದರೆ ನಿಮ್ಮ ಗ್ಯಾರೇಜಿನಲ್ಲಿ ಎರಡು ವರ್ಷ ಬ್ರೇಕ್ ವಿದ್ಯೆ ಕಲಿತೆ ಎಂದು ನಾನು ಅವರಿಗೆ ಹೇಳಿಕೊಂಡಿದ್ದೆ. ಆ ಎರಡು ವರ್ಷ ನಾನು ಹೆಚ್ಚಾಗಿ ನಿಮ್ಮ ಸ್ಕೂಟರಿನ ಹಾರ್ನಿನೊಳಗೆ ಬಟ್ಟೆ ತುರುಕುತ್ತಿದ್ದೆ ಎಂಬುದನ್ನು ಹೇಳಲು ಸಮಯ ಸಿಗಲಿಲ್ಲ.

ಪೆಟ್ಟಿಗೆಯಲ್ಲಿ ಎರಡು ಜಾತಿ. ಒಂದು ಗಡಿಯಾರದ್ದು: ಬ್ರೇಕಿಗೆ ಕಾಲು ತಾಗಿ ಹಿಂದಿನ ಕೆಂಪು ದೀಪ ಹತ್ತಿದ ಕೂಡಲೇ ಎಣಿಕೆ ಶುರುಮಾಡಿ, ತಿರುಪಿನಲ್ಲಿ ಇಟ್ಟಷ್ಟು ಕರೆಂಟನ್ನು ಏರಿಸುತ್ತಾ ಹೋಗುತ್ತದೆ. ಇನ್ನೊಂದರ ಹೊಟ್ಟೆಯಲ್ಲಿ ಪುಟ್ಟ ಲೋಲಕ: ಗಾಡಿ ನಿಜವಾಗಿ ನಿಧಾನವಾದರೆ ಅದು ಮುಂದಕ್ಕೆ ವಾಲುತ್ತದೆ, ಎಷ್ಟು ವಾಲಿತೋ ಅಷ್ಟೇ ಬ್ರೇಕು. ಮೊದಲನೆಯದು ನಮ್ಮ ಕಪಾಟಿನಲ್ಲೇ ಉಂಟು. ಎರಡನೆಯದನ್ನು ತರಿಸಬೇಕು. ಯಾವುದು ಸರಿ? ತಮ್ಮ ಅಪ್ಪಣೆ ಬರುವ ತನಕ ಒಂದು ತಿರುಪನ್ನೂ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೇನೆ.

ಗಾಡಿಯ ಡ್ರೈವರ್ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಹೆಸರು ಹುಸೈನಬ್ಬ. ನಾನು ಹುಸೈನಾಕ ಎಂದು ಕರೆಯುತ್ತೇನೆ. ನಮ್ಮ ಕಡೆಯ ಬ್ಯಾರಿ, ಐವತ್ತೈದರ ಹತ್ತಿರ, ನನ್ನೊಡನೆ ತುಳುವಿನಲ್ಲೇ ಮಾತು. ಅವರು ಬ್ರೇಕ್ ಹಾಕಿದರೆ ಗಾಡಿ ನಿಂತದ್ದು ಗೊತ್ತಾಗುವುದು ಕಿಟಕಿಯಾಚೆಯ ಅಂಗಡಿ ಓಡುವುದನ್ನು ನಿಲ್ಲಿಸಿದಾಗ ಮಾತ್ರ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಗ್ಲಾಸು ಹಾಲಿಲ್ಲದ ಸುಲೈಮಾನಿ ಚಹಾ ಇಟ್ಟುಕೊಂಡೇ ಹೂರಾದಿಂದ ಬುದಯ್ಯಕ್ಕೆ ಹೋಗುತ್ತಾರೆ. ನಾನು ಪಕ್ಕದಲ್ಲಿ ಕೂತು ಅದು ಯಾವಾಗ ಚೆಲ್ಲುತ್ತದೆ ಎಂದು ಎಂಟು ದಿನ ಕಾದೆ. ಚೆಲ್ಲಿಲ್ಲ. ಅವರದೊಂದು ಕಲ್ಲಿನ ಮೂರ್ತಿ ಮಾಡಿಸಿ ಅಂಗಡಿಯ ಮುಂದೆ ನಿಲ್ಲಿಸಬೇಕೆಂದಿದ್ದೇನೆ.

ಅತ್ತೆಗೆ ನಮಸ್ಕಾರ.
ಕೀರ್ತನ

*

ಪಡುಬಿದ್ರಿ
22 ಅಕ್ಟೋಬರ್ 1996

ಚಿ. ಕೀರ್ತನನಿಗೆ ಆಶೀರ್ವಾದ.

ಪತ್ರ ಸಿಕ್ಕಿತು. ಹಾರ್ನಿನ ವಿಷಯ ಆಗಲೇ ಗೊತ್ತಿತ್ತು. ನಿನ್ನ ಅಮ್ಮನ ಮುಖ ನೋಡಿ ಸುಮ್ಮನಿದ್ದೆ.

ಕರೆಂಟಿನ ಬ್ರೇಕ್ ನಾನು ಕಂಡವನಲ್ಲ. ಆದರೆ ನೀನು ಬರೆದದ್ದು ಸರಿಯಾಗಿದ್ದರೆ ಉತ್ತರ ಸುಲಭ. ಗಡಿಯಾರಕ್ಕೆ ರಸ್ತೆ ಕಾಣುವುದಿಲ್ಲ, ಲೋಲಕಕ್ಕೆ ಗಾಡಿ ಏನು ಮಾಡುತ್ತಿದೆ ಎಂದಾದರೂ ತಿಳಿಯುತ್ತದೆ. ಹಿಂದೆ ಇರುವುದು ಸಿಮೆಂಟ್ ಮೂಟೆಯಲ್ಲ, ನಿಂತಿರುವ ಪ್ರಾಣಿ. ತಡವಾದರೂ ಲೋಲಕದ್ದೇ ತರಿಸು.

ಆ ಡ್ರೈವರ್ ಯಾವ ಊರಿನವರು? ಮೊದಲು ಯಾವ ರೂಟಿನಲ್ಲಿದ್ದರು? ಬರೆ.

ವಸಂತಕುಮಾರ

ಅತ್ತೆಯ ಎರಡು ಸಾಲು: ಮಾವ ನಿನ್ನ ಪತ್ರವನ್ನು ಮೂರು ಸಲ ಓದಿದರು. ಎರಡನೆಯ ಸಲದಿಂದ ನಗಲಿಲ್ಲ. ಅಂಥದ್ದು ಏನು ಬರೆದಿದ್ದಿ ಮಾರಾಯ? – ಉಷಾಲತಾ

*

ಗುದೈಬಿಯಾ
3 ನವೆಂಬರ್ 1996

ಪೂಜ್ಯ ಮಾವನವರಿಗೆ,

ತಾವು ಡ್ರೈವರ್ ಹುಸೈನಾಕರ ಕುಲಗೋತ್ರ ವಿಚಾರಿಸಿದ್ದು ನೋಡಿ ಈ ಅಳಿಯನಿಗೆ ಎಲ್ಲ ಅರ್ಥವಾಯಿತು. ಬ್ರೇಕಿನ ಸಾಮ್ರಾಜ್ಯದಲ್ಲಿ ತಮಗೆ ಇನ್ನೊಬ್ಬ ದೊರೆ ಹುಟ್ಟಿದ್ದು ಸಹಿಸಲಾಗುತ್ತಿಲ್ಲ! ಹೊಟ್ಟೆಕಿಚ್ಚು ಆರೋಗ್ಯಕ್ಕೆ ಒಳ್ಳೆಯದಲ್ಲ ಮಾವ. ಆದರೂ ಕೇಳಿದ್ದೀರಿ, ಹೇಳುತ್ತೇನೆ: ಊರು ಉಪ್ಪಿನಂಗಡಿ. ಇಲ್ಲಿಗೆ ಬರುವ ಮೊದಲು ಚಾರ್ಮಾಡಿ ಘಾಟಿಯಲ್ಲಿ ಲಾರಿ. ಅದನ್ನು ಯಾಕೆ ಬಿಟ್ಟಿರಿ ಎಂದರೆ, “ಬಿಟ್ಟೆ” ಎನ್ನುತ್ತಾರೆ. ಅಷ್ಟೇ.

ಪೆಟ್ಟಿಗೆ ಕೂರಿಸಿ ಆಯಿತು. ಆದರೆ ಒಂದು ಬೇಸರದ ಸಂಗತಿ. ಅಬು ಯೂಸುಫರಿಗೆ ರೀಮ್ ಎಂಬ ಬಿಳಿ ಹೆಣ್ಣುಕುದುರೆ ಉಂಟು, ಈಗ ಗಬ್ಬ. ಮನೆಯವರ ಫೋಟೋಗಳ ನಡುವೆ ಅವಳದ್ದೂ ಒಂದು ಗೋಡೆಯ ಮೇಲಿದೆ. ಕಳೆದ ವಾರ ಟ್ರೇಲರಿನಲ್ಲಿ ಅವಳನ್ನು ಸ್ವಲ್ಪ ದೂರ ಸುತ್ತಾಡಿಸಿ ತಂದರೆ, ಬಾಗಿಲು ತೆಗೆದಾಗ ಎರಡೂ ಮುಂಗಾಲಿನ ಮೊಣಕಾಲು ತರಚಿ ರಕ್ತ. ಒಳಗೆ ಮುಗ್ಗರಿಸಿ ಬಿದ್ದಿದ್ದಾಳೆ. ಡಾಕ್ಟರು ಬಂದು ಹೊಟ್ಟೆಯಲ್ಲಿರುವ ಮರಿಗೆ ಏನೂ ಆಗಿಲ್ಲ ಎಂದರು. ಆದರೆ ಅಬು ಯೂಸುಫರ ಸಿಟ್ಟು ಇಳಿದಿಲ್ಲ. “ಮುದುಕನ ಕಾಲು ಭಾರವಾಗಿದೆ, ಬ್ರೇಕ್ ಒದೆಯುತ್ತಾನೆ” ಎಂದು ಎಲ್ಲರ ಎದುರು ಹೇಳಿದರು. ಡಿಸೆಂಬರ್ ಹತ್ತಕ್ಕೆ ರೀಮ್‌ಳನ್ನು ಸಖೀರ್ ಕಡೆಯ ಹೊಸ ಲಾಯಕ್ಕೆ ಸಾಗಿಸಬೇಕು. ಅದಕ್ಕೆ ಬೇರೆ ಡ್ರೈವರನ್ನು ನೋಡುತ್ತಿದ್ದಾರೆ. ಅವನು ಬಂದರೆ ಹುಸೈನಾಕರ ವೀಸಾ ಕ್ಯಾನ್ಸಲ್, ಊರಿಗೆ ಟಿಕೆಟ್.

ಹುಸೈನಾಕ ಒಂದು ಮಾತೂ ಎದುರಾಡಲಿಲ್ಲ. ನನ್ನ ಹತ್ತಿರ ಮಾತ್ರ, “ಕಾಲಿಗೂ ವಯಸ್ಸಾಗುತ್ತದಲ್ಲ ಮೋನೇ” ಎಂದರು. ಕಾರಣ ಏನೆಂದು ಯಾರಿಗೂ ತಿಳಿಯುತ್ತಿಲ್ಲ. ನಿಗೂಢ.

ಇಂತು ವಿಧೇಯ,
ಕೀರ್ತನ

*

ಪಡುಬಿದ್ರಿ
14 ನವೆಂಬರ್ 1996

ಕೀರ್ತನ,

ಪತ್ರದಲ್ಲಿ ಎಲ್ಲ ಬರೆದಿದ್ದಿ, ಯಾವ ಪೆಟ್ಟಿಗೆ ಹಾಕಿದ್ದು ಎಂದು ಬರೆಯಲಿಲ್ಲ. ಹಾಕಿದ್ದು ಯಾವಾಗ ಎಂಬುದನ್ನೂ ಬರೆಯಲಿಲ್ಲ.

ಆ ಮನುಷ್ಯನ ಕಾಲಿನ ಬಗ್ಗೆ ಯಾರು ಏನು ಹೇಳಿದರೂ ನೀನು ನಂಬಬೇಡ. ಒಂದು ಕೆಲಸ ಮಾಡು. ಅವರು ಬ್ರೇಕ್ ಒತ್ತುತ್ತಾರೋ, ಮುಟ್ಟುತ್ತಾರೋ ನೋಡು. ಘಾಟಿಯ ಹಳೇ ಡ್ರೈವರುಗಳಿಗೆ ಒಂದು ರೂಢಿ ಉಂಟು: ತಿರುವು ಬರುವ ಮೊದಲೇ ಪೆಡಲಿಗೆ ಕಾಲಿನ ಬೆರಳು ತಾಗಿಸಿ ಹಿಂದಿನ ಕೆಂಪು ದೀಪ ಎರಡು ಮೂರು ಸಲ ಮಿನುಗಿಸುವುದು. ಗಾಡಿ ನಿಲ್ಲಿಸಲಿಕ್ಕಲ್ಲ. ಮಂಜಿನಲ್ಲಿ ಹಿಂದಿನಿಂದ ಬರುವವನಿಗೆ “ಎದುರು ತಿರುವು ಉಂಟು, ಜಾಗ್ರತೆ” ಎಂದು ಹೇಳಲಿಕ್ಕೆ. ಹುಸೈನಬ್ಬರು ಹಾಗೆ ಮಾಡುವವರೇ ಆಗಿದ್ದರೆ, ದೀಪ ಹತ್ತಿದಾಗೆಲ್ಲ ನಿನ್ನ ಪೆಟ್ಟಿಗೆ ಏನು ಮಾಡುತ್ತದೆ, ಯೋಚಿಸು. ಯೋಚನೆ ಬಾರದಿದ್ದರೆ ಖಾಲಿ ಟ್ರೇಲರಿನಲ್ಲಿ ನೀನೇ ನಿಂತುಕೋ.

ವಸಂತಕುಮಾರ

ದೀಪಾವಳಿಗೆ ನಿನ್ನ ಮಾವ ಗ್ಯಾರೇಜಿನ ಪೂಜೆಗೂ ಸರಿಯಾಗಿ ಕೂರಲಿಲ್ಲ. ಯಾವುದೋ ಹಳೇ ಲಾರಿಯ ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು. ಕೇಳಿದರೆ ಸಿಡುಕುತ್ತಾರೆ. – ಅತ್ತೆ

*

ಗುದೈಬಿಯಾ
24 ನವೆಂಬರ್ 1996

ಮಾವ,

ಶುಕ್ರವಾರ ಬೆಳಿಗ್ಗೆ ನಾನು ಕುದುರೆಯ ಪೀಠವನ್ನು ಅಲಂಕರಿಸಿದೆ.

ಹುಸೈನಾಕ ಬೇಡವೆಂದರು. “ಇದು ಕುದುರೆಗೆ ಮಾಡಿದ ಗಾಡಿ, ಕತ್ತೆಗಲ್ಲ,” ಎಂದರು. ನಾನು ಹಟ ಹಿಡಿದೆ. ಮೀನಾ ಸಲ್ಮಾನಿನಿಂದ ಹೊರಟೆವು. ರಜೆಯ ದಿನ, ರಸ್ತೆ ಖಾಲಿ. ಈ ದೇಶದಲ್ಲಿ ಘಾಟಿ ಇಲ್ಲ, ಅದರ ಬದಲಿಗೆ ಹೆಜ್ಜೆಗೊಂದು ರೌಂಡ್‌ಎಬೌಟ್. ಮೊದಲನೆಯದು ಬರುವ ಮೊದಲೇ ಚಕ್ರದ ಹತ್ತಿರ ಒಂದು ಗುಂಯ್ ಸದ್ದು, ಮರುಕ್ಷಣ ಯಾರೋ ಹಿಂದಿನಿಂದ ಅಂಗಿ ಹಿಡಿದು ನೂಕಿದ ಹಾಗೆ ಮುಂದಕ್ಕೆ ಹೋಗಿ, ಕುದುರೆಗೆಂದು ತೂಗುಹಾಕಿದ ಹುಲ್ಲಿನ ಬಲೆಗೆ ಮುಖ ಕೊಟ್ಟೆ. ಎದ್ದೆ. ಇನ್ನೊಮ್ಮೆ. ಎದ್ದೆ. ಮತ್ತೊಮ್ಮೆ. ಮೂರನೆಯ ಸಲ ಏಳಲಿಲ್ಲ. ಗೋಡೆಯ ಸಣ್ಣ ಕಿಟಕಿಯಿಂದ ನೋಡಿದರೆ ಗಾಡಿ ಮೊದಲಿದ್ದ ವೇಗದಲ್ಲೇ ಹೋಗುತ್ತಿತ್ತು! ಅವರು ಬ್ರೇಕ್ ಒತ್ತಿಯೇ ಇರಲಿಲ್ಲ. ಮುಟ್ಟಿದ್ದು ಮಾತ್ರ. ದೀಪ ಹತ್ತಿದಾಗೆಲ್ಲ ಪೆಟ್ಟಿಗೆ ಹಿಂದಿನ ಚಕ್ರ ಹಿಡಿಯುತ್ತಿತ್ತು, ತಿರುವಿಗೆ ಮೂರು ಸಲ.

ಇಳಿದು ಕೇಳಿದೆ, “ಹುಸೈನಾಕ, ಹಿಂದೆ ಒಂದು ಗಾಡಿಯೂ ಇರಲಿಲ್ಲ, ದೀಪ ಯಾರಿಗೆ ತೋರಿಸಿದಿರಿ?”

ನನ್ನ ತಲೆಯಿಂದ ಹುಲ್ಲು ತೆಗೆಯುತ್ತಾ ಹೇಳಿದರು: “ಹಿಂದೆ ಯಾರೂ ಇಲ್ಲ ಅಂತ ನನಗೆ ಹೇಗೆ ಗೊತ್ತು? ಕನ್ನಡಿಯಲ್ಲಿ ಕಾಣುವುದು ನಿನ್ನ ಪೆಟ್ಟಿಗೆಗಾಡಿ ಒಂದೇ.”

ಮಾವ, ನಾನು ನಗಿಸಲು ಬರೆಯುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಹಾಕಿದ್ದು ಗಡಿಯಾರದ ಪೆಟ್ಟಿಗೆ. ಹಾಕಿದ್ದು ಅಕ್ಟೋಬರ್ ಹನ್ನೆರಡಕ್ಕೆ. ನಿಮಗೆ ಪ್ರತಿಜ್ಞೆ ಬರೆದು ಟಪಾಲಿಗೆ ಹಾಕಿದ ಎರಡೇ ದಿನಕ್ಕೆ. ಹರ್ಬರ್ಟ್ ಸರ್ “ಏನು, ಗೊತ್ತಾಗಲಿಲ್ಲವಾ?” ಎಂದು ಕೇಳಿದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಕಪಾಟಿನಲ್ಲಿದ್ದದ್ದನ್ನು ತೆಗೆದು, ಇದೇ ಅತ್ಯುತ್ತಮ ಎಂದು ಭಾಷಣ ಮಾಡಿದೆ. ಶಕ್ತಿ ಹೆಚ್ಚಿದ್ದರೆ ಒಳ್ಳೆಯದು ಎಂದುಕೊಂಡು ತಿರುಪನ್ನೂ ಕೊನೆಯ ತನಕ ತಿರುಗಿಸಿದೆ. ನಿಮ್ಮ ಉತ್ತರ ಬಂದ ಮೇಲೂ ಅದನ್ನು ಬಿಚ್ಚಲಿಲ್ಲ. ರೀಮ್ ಬಿದ್ದ ದಿನ ನನಗೆ ಅರ್ಧ ಗೊತ್ತಿತ್ತು. ನಿಗೂಢ ಎಂದು ಬರೆದೆ.

ಲೋಲಕದ ಪೆಟ್ಟಿಗೆ ಮೊನ್ನೆಯೇ ತರಿಸಿಟ್ಟಿದ್ದೇನೆ. ಈಗ ಒಂದು ದಾರಿ ಕಾಣುತ್ತದೆ: ಯಾರಿಗೂ ಹೇಳದೆ ಪೆಟ್ಟಿಗೆ ಬದಲಿಸಿಬಿಡುವುದು. ಹುಸೈನಾಕರಿಗೂ ಕಾರಣ ಹೇಳಿಲ್ಲ. ಆದರೆ ಹೊಸ ಡ್ರೈವರ್ ಎಂಟನೇ ತಾರೀಕಿಗೆ ಬರುವುದು ಪಕ್ಕಾ ಆಗಿದೆ. ಪೆಟ್ಟಿಗೆ ಬದಲಾದರೆ ಅವನ ಕೈಯಲ್ಲಿ ರೀಮ್ ಬೀಳುವುದಿಲ್ಲ. ಮುದುಕನ ಕಾಲಿನದ್ದೇ ತಪ್ಪು ಎಂದು ಎಲ್ಲರಿಗೂ ಖಾತ್ರಿಯಾಗುತ್ತದೆ. ಬಾಯಿ ಬಿಟ್ಟರೆ ಟಿಕೆಟ್ ನನಗೆ. ನಾನು ಬಂದು ಎಂಟು ತಿಂಗಳಷ್ಟೇ ಆಯಿತು, ಅಮ್ಮನಿಗೆ ಏನು ಹೇಳಲಿ?

ಏನು ಮಾಡಲಿ ಮಾವ? ಮತ್ತೆ, ಅವರು ದೀಪ ಮುಟ್ಟುವ ವಿಷಯ ಪಡುಬಿದ್ರಿಯಲ್ಲಿ ಕೂತ ನಿಮಗೆ ಹೇಗೆ ಗೊತ್ತಾಯಿತು?

ಕೀರ್ತನ

*

ಪಡುಬಿದ್ರಿ
3 ಡಿಸೆಂಬರ್ 1996

ಕೀರ್ತನ,

ಟಪಾಲಿಗೆ ಹಾಕಿದರೆ ತಡವಾಗುತ್ತದೆ. ನಮ್ಮೂರಿನ ಮುಹಮ್ಮದ್ ಶರೀಫ್ ರಜೆ ಮುಗಿಸಿ ಗುರುವಾರ ಬಹ್ರೈನಿಗೆ ಮರಳುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅತ್ತೆಯ ಉಪ್ಪಿನಕಾಯಿಯೂ ಉಂಟು. ಪತ್ರ ಮೊದಲು ಓದು.

ನನಗೆ ಗೊತ್ತಾದದ್ದು ಹೇಗೆ ಎಂದು ಕೇಳಿದ್ದಿ. 1973ರಲ್ಲಿ ನಾನು ಬೆಳ್ತಂಗಡಿಯಲ್ಲಿ ಒಬ್ಬ ಧಣಿಯ ಲಾರಿಗಳಿಗೆ ಮೆಕ್ಯಾನಿಕ್ ಆಗಿದ್ದೆ. ನಿನ್ನ ವಯಸ್ಸೇ, ನಿನ್ನಷ್ಟೇ ಬಾಯಿ. ಅಲ್ಲಿ ಹುಸೈನಬ್ಬ ಎಂಬ ಡ್ರೈವರ್ ಇದ್ದರು. ಘಾಟಿಯಲ್ಲಿ ಅವರ ಹಿಂದೆ ಹೋಗಲೆಂದೇ ಬೇರೆ ಲಾರಿಯವರು ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಕಾಯುತ್ತಿದ್ದರು. ಅವರ ಕೆಂಪು ದೀಪ ನೋಡಿಕೊಂಡು ಇಳಿದರೆ ಮಂಜಿನಲ್ಲಿ ದಾರಿ ತಪ್ಪುವುದಿಲ್ಲ ಎಂದು. ಅಂಥ ಡ್ರೈವರನ್ನು ನಾನು ಆಮೇಲೆ ಕಂಡಿಲ್ಲ.

ಒಂದು ದಿನ ಅವರ ಲಾರಿಯ ಬ್ರೇಕ್ ಬಿಚ್ಚಿ ಕಟ್ಟಿದೆ. ಮೂರು ಚಕ್ರಗಳ ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದೆ. ಹಿಂದಿನ ಎಡಗಡೆಯದು ಉಳಿಯಿತು. ಮಂಗಳೂರಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು, ಎಲ್ಲ ಸರಿ ಇದೆ ಎಂದು ಹೇಳಿ ಹೋದೆ. ಮರುದಿನ ಹಾಸನದ ಆಲೂಗಡ್ಡೆ ಹೇರಿಕೊಂಡು ಇಳಿಯುವಾಗ ಆ ಚಕ್ರ ಹಿಡಿಯದೆ ಲಾರಿ ಒಂದು ಬದಿಗೆ ಎಳೆದು ಗುಡ್ಡಕ್ಕೆ ಉಜ್ಜಿ ನಿಂತಿತು. ಇನ್ನೊಂದು ಬದಿಗೆ ಪ್ರಪಾತ. ಗುಡ್ಡದ ಕಡೆಗೆ ತಿರುಗಿಸಿ ನಿಲ್ಲಿಸಿದ್ದೇ ಅವರ ಕೈ. ಆದರೆ ಧಣಿ ಅವರನ್ನು ಅಂಗಳದಲ್ಲಿ ನಿಲ್ಲಿಸಿ, “ಬ್ರೇಕ್ ಹಾಕಲು ಬಾರದವನು” ಎಂದು ಕೆಲಸದಿಂದ ತೆಗೆದ. ನಾನು ಸ್ಪ್ಯಾನರ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಅವರು ಗಲ್ಫಿಗೆ ಹೋದರು ಎಂದು ಯಾರೋ ಹೇಳಿದರು.

ನನ್ನ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಆದ ಮೇಲೆ ನಾಲ್ಕೂ ಚಕ್ರವನ್ನು ನಾನೇ ಇನ್ನೊಮ್ಮೆ ಮುಟ್ಟಿ ನೋಡುವುದು ಯಾಕೆ ಎಂದು ನೀನು ಕೇಳುತ್ತಿದ್ದಿ. “ಮಾವನಿಗೆ ಮಂಡೆಬಿಸಿ” ಎಂದು ನಗುತ್ತಿದ್ದಿ. ಇದೇ ಕಾರಣ. ನಿನ್ನ ಅತ್ತೆಗೂ ಇಂದೇ ಹೇಳಿದ್ದು.

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳುವ ಯೋಗ್ಯತೆಯೂ ನನಗಿಲ್ಲ. ಟಿಕೆಟ್ ಕೊಟ್ಟರೆ ಬಾ, ಗ್ಯಾರೇಜ್ ಉಂಟು. ಈ ಪತ್ರ ಅವರಿಗೆ ಕೊಡು. ಓದಲು ಬರುತ್ತದೆ, ನಿಧಾನಕ್ಕೆ ಓದುತ್ತಾರೆ.

ವಸಂತಕುಮಾರ

*

ಗುದೈಬಿಯಾ
13 ಡಿಸೆಂಬರ್ 1996, ಶುಕ್ರವಾರ

ಪಡುಬಿದ್ರಿ ಗ್ಯಾರೇಜಿನ ಸರ್ವಾಧಿಕಾರಿಗಳಾದ ಮಾವನವರ ಸನ್ನಿಧಿಗೆ, ಬಹ್ರೈನ್ ದ್ವೀಪದ ಹೊಸ ಲಾಯಗುಡಿಸುವ ಅಧಿಕಾರಿ ಕೀರ್ತನನ ಪ್ರಣಾಮಗಳು.

ಮೇಲಿನ ಪದವಿ ಹೇಗೆ ದೊರೆಯಿತು ಎಂಬುದನ್ನು ಕ್ರಮವಾಗಿ ನಿವೇದಿಸುತ್ತೇನೆ.

ಶರೀಫಣ್ಣ ಗುರುವಾರ ಸಂಜೆ ಪತ್ರ ತಂದರು. ಶನಿವಾರ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹರ್ಬರ್ಟ್ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿ ನನ್ನನ್ನು ನೋಡಿದರು. “ನಡಿ” ಎಂದರು. ವಿಮಾನನಿಲ್ದಾಣಕ್ಕೇ ಎಂದುಕೊಂಡೆ. ಕರೆದುಕೊಂಡು ಹೋದದ್ದು ಬುದಯ್ಯದ ಲಾಯಕ್ಕೆ. ಅಂಗಳದಲ್ಲಿ ಅಬು ಯೂಸುಫ್, ನಾಲ್ಕು ಜನ ಕೆಲಸದವರು. ಹುಸೈನಾಕ ಪಿಕಪ್ಪಿನ ಗಾಜು ಒರೆಸುತ್ತಿದ್ದರು, ಮಾರನೆಯ ದಿನ ಇನ್ನೊಬ್ಬನಿಗೆ ಕೊಡಬೇಕಾದ ಗಾಡಿಯ ಗಾಜು. ಹೇಳುವುದಾದರೆ ಎಲ್ಲರ ಎದುರೇ ಹೇಳಬೇಕು ಎನಿಸಿತು, ಅವಮಾನ ಆದದ್ದೂ ಎಲ್ಲರ ಎದುರೇ ತಾನೇ.

ನನ್ನ ಅರ್ಧ ಹಿಂದಿ, ಕಾಲು ಅರಬಿಯಲ್ಲಿ ಹೇಳಿದೆ: ತಪ್ಪು ಪೆಟ್ಟಿಗೆಯದು, ಆರಿಸಿದವನು ನಾನು, ತಿರುಪು ತಿರುಗಿಸಿದವನೂ ನಾನು, ನಾನೇ ಒಳಗೆ ನಿಂತು ಮೂರು ಸಲ ಬಿದ್ದಿದ್ದೇನೆ. ಅಬು ಯೂಸುಫ್ ನಂಬಲಿಲ್ಲ. ನಾನು ಮುದುಕನನ್ನು ಉಳಿಸಲು ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡರು. ಆಮೇಲೆ, ಮಾವ, ಕೇಳಿ: ಬಿಳಿ ನಿಲುವಂಗಿ ಮೇಲೆತ್ತಿಕೊಂಡು ತಾವೇ ಟ್ರೇಲರ್ ಹತ್ತಿದರು! ಬಾಗಿಲು ಹಾಕಿಕೊಂಡು ಹುಸೈನಾಕ ಹೊರಟರು. ಎರಡು ರೌಂಡ್‌ಎಬೌಟ್ ಸುತ್ತಿ ಬಂದಾಗ ಒಳಗಿನಿಂದ ಬಡಿಯುವ ಸದ್ದು. ಬಾಗಿಲು ತೆಗೆದರೆ ತಲೆವಸ್ತ್ರದ ತುಂಬಾ ಹುಲ್ಲು, ಅದರ ಮೇಲೆ ಬಿಗಿಯುವ ಕಪ್ಪು ಬಳೆ ಕಿವಿಗೆ ಜಾರಿದೆ. ಯಾರೂ ನಗಲಿಲ್ಲ. ನಾನು ನಗದೆ ಇದ್ದದ್ದು ನನ್ನ ಜೀವಮಾನದ ಅತಿ ದೊಡ್ಡ ಸಾಧನೆ ಎಂದು ದಾಖಲಾಗಬೇಕು.

ಅವರು ಸೀದಾ ಹುಸೈನಾಕರ ಹತ್ತಿರ ಹೋಗಿ ಹಣೆಗೆ ಮುತ್ತಿಟ್ಟರು. “ಸಾಮಿಹ್ನಿ” ಎಂದರು, ಕ್ಷಮಿಸು ಎಂದು. ಕೆಲಸದವರೆಲ್ಲ ನೋಡುತ್ತಿದ್ದರು. ಹುಸೈನಾಕ ಅವರ ಹೆಗಲಿನ ಹುಲ್ಲು ತೆಗೆದರು. ನನ್ನ ತಲೆಯಿಂದ ತೆಗೆದ ಹಾಗೆಯೇ.

ನನಗೆ ಸಿಕ್ಕ ಶಿಕ್ಷೆ: ಆರು ಶುಕ್ರವಾರ ಲಾಯ ಗುಡಿಸುವುದು. ಹರ್ಬರ್ಟ್ ಸರ್ ತಮ್ಮ ಪಾಲಿಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ದಿನಕ್ಕೊಮ್ಮೆ ಅವರ ಎದುರು ಗಟ್ಟಿಯಾಗಿ ಹೇಳಬೇಕೆಂದು ವಿಧಿಸಿದ್ದಾರೆ. ಇವತ್ತು ಒಂದನೇ ಶುಕ್ರವಾರ ಮುಗಿಯಿತು. ವಾಸನೆ ಕಾಗದಕ್ಕೂ ಹತ್ತಿದ್ದರೆ ಅತ್ತೆಯ ಕ್ಷಮೆ ಇರಲಿ.

ಲೋಲಕದ ಪೆಟ್ಟಿಗೆ ಕೂರಿಸಿದೆ. ಅದು ಸ್ವಲ್ಪ ಓರೆಯಾದರೂ ಲೆಕ್ಕ ತಪ್ಪುತ್ತದೆ. ನಮ್ಮ ಕೆಳಗಿನ ಮನೆಯ ಮೇಸ್ತ್ರಿಯಿಂದ ರಸಮಟ್ಟ ತಂದು, ಗುಳ್ಳೆ ನಡುವಿಗೆ ಬರುವ ತನಕ ಎರಡು ಗಂಟೆ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ್ದೆ. ಆಮೇಲೆ ಇನ್ನೊಮ್ಮೆ ನೋಡಿದೆ. ಮಂಡೆಬಿಸಿ ನಮ್ಮ ವಂಶದಲ್ಲೇ ಇದೆ.

ಮಂಗಳವಾರ ರೀಮ್ ಹೊರಟಳು. ಸ್ಟೇರಿಂಗ್ ಹಿಡಿದದ್ದು ಹುಸೈನಾಕ, ಪಕ್ಕದಲ್ಲಿ ನಾನು. ಹೊಸ ಡ್ರೈವರನ್ನು ನೀರಿನ ಲಾರಿಗೆ ಹಾಕಿದ್ದಾರೆ. ಈ ಸಲ ಸುಲೈಮಾನಿ ಗ್ಲಾಸನ್ನು ಡ್ಯಾಶ್‌ಬೋರ್ಡಿನಲ್ಲಿ ಇಡದೆ ಟ್ರೇಲರಿನೊಳಗೆ ರೀಮ್‌ಳ ಎದುರಿನ ಹಲಗೆಯ ಮೇಲೆ ಇಟ್ಟೆ, ಪರೀಕ್ಷೆಗೆ. ಬುದಯ್ಯದಿಂದ ಸಖೀರಿನವರೆಗೆ ಹನ್ನೊಂದು ರೌಂಡ್‌ಎಬೌಟ್. ಪ್ರತಿಯೊಂದಕ್ಕೂ ಮೊದಲು ಆ ಮನುಷ್ಯ ಮೂರು ಸಲ ದೀಪ ಮುಟ್ಟಿದರು. ಹಿಂದೆ ಅಬು ಯೂಸುಫರ ಕಾರು ಬರುತ್ತಿತ್ತು, ಅವರಿಗೂ ತಿರುವು ಗೊತ್ತಾಗಿರಬೇಕು.

ಬಾಗಿಲು ತೆಗೆದಾಗ ಗ್ಲಾಸು ಖಾಲಿ. ಆದರೆ ಹಲಗೆಯ ಮೇಲೆ ಒಂದು ಹನಿ ಇಲ್ಲ, ಗ್ಲಾಸು ಇಟ್ಟಲ್ಲೇ ನಿಂತಿದೆ. ರೀಮ್‌ಳ ತುಟಿಗೆ ಚಹಾದೆಲೆ ಅಂಟಿತ್ತು. ಕುಡಿದಿದ್ದಾಳೆ.

ತಮ್ಮ ಪತ್ರವನ್ನು ಅಲ್ಲೇ, ಹೊಸ ಲಾಯದ ನೆರಳಿನಲ್ಲಿ ಕೊಟ್ಟೆ. ಅವರು ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದರು, ಮಡಚಿ ಕಿಸೆಗೆ ಹಾಕಿದರು. ಇವತ್ತು ನಾನು ಸಗಣಿ ಬಾಚುತ್ತಿದ್ದಾಗ ಬಂದು, “ಮಾವನಿಗೆ ಬರೆಯುವಾಗ ಕೆಳಗೆ ಸ್ವಲ್ಪ ಜಾಗ ಬಿಡು,” ಎಂದರು. ಬಿಟ್ಟಿದ್ದೇನೆ. ಏನು ಬರೆಯುತ್ತಾರೋ ನಾನು ನೋಡುವುದಿಲ್ಲ. ಈ ಪ್ರತಿಜ್ಞೆಯನ್ನು ತಾವು ನಂಬಬಹುದು.

ಕೀರ್ತನ

 

ವಸಂತನಿಗೆ ಹುಸೈನಬ್ಬನ ಸಲಾಂ.

ಹಿಂದಿನ ಎಡಚಕ್ರ ಹಿಡಿಯಲಿಲ್ಲ ಅಂತ ನನಗೆ ಆ ದಿನವೇ ಗೊತ್ತಿತ್ತು. ಕಾಲಿಗೆ ಗೊತ್ತಾಗುತ್ತದೆ. ನೀನು ಬಂದು ಹೇಳುತ್ತಿ ಅಂತ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದಕ್ಕೆ ಹತ್ತಿದೆ.

ಈಗ ಬಂದಿಯಲ್ಲ. ಆಯಿತು.

ಹುಡುಗ ಒಳ್ಳೆಯವ. ಬಾಯಿ ಜಾಸ್ತಿ. ಏಪ್ರಿಲಿನಲ್ಲಿ ರಜೆಗೆ ಬರುತ್ತೇನೆ. ನನ್ನ ಮಗ ಝಕರಿಯಾ ಒಂದು ವ್ಯಾನ್ ತೆಗೆದುಕೊಂಡಿದ್ದಾನೆ, ಅದರ ಬ್ರೇಕಿಗೆ ಕೆಲಸ ಉಂಟು. ನಿನ್ನ ಗ್ಯಾರೇಜಿಗೇ ತರುತ್ತೇನೆ. ನೀನೇ ಮಾಡಬೇಕು.

ನಾಲ್ಕೂ ಚಕ್ರ.